ಪ್ರಮಾಣ ಮಾಡಿದ್ದು ಯಾವುದಕ್ಕೆ?

ಸಂಶೋಧನಾ ವಿದ್ಯಾರ್ಥಿಗಳಿಗೆ ಹಳೆಯ ದಾಖಲೆಗಳನ್ನು ಓದಿಸುವುದು ನನ್ನ ಕೆಲಸ. 1641ರ ಐರ್ಲೆಂಡ್ ದಂಗೆಯ ಹೇಳಿಕೆಗಳನ್ನು ತರಗತಿಗೆ ತಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ದೇವರ ಮೇಲೆ ಆಣೆಯಿಟ್ಟು ಹೇಳಿದ್ದಲ್ಲವೇ ಸರ್, ಸುಳ್ಳಾಗುವುದು ಹೇಗೆ?" ಮಾತು ಮುಗಿಯುವ ಮೊದಲೇ ಮತ್ತೊಬ್ಬರು, "ದೆವ್ವ ಕಂಡೆ ಎಂದೂ ಬರೆಸಿದ್ದಾರೆ, ಇಂಥವರನ್ನು ನಂಬುವುದೇ?" ಎನ್ನುತ್ತಾರೆ. ಇಬ್ಬರದೂ ಒಂದೇ ತಪ್ಪು. ಇಡೀ ಹೇಳಿಕೆಯನ್ನು ಒಂದೇ ಗಂಟಾಗಿ ಕಟ್ಟಿ, ಒಂದೋ ತಲೆಯ ಮೇಲೆ ಹೊರುತ್ತಾರೆ, ಇಲ್ಲವೇ ಬೀದಿಗೆ ಎಸೆಯುತ್ತಾರೆ. ಈ ಚಟ ಹೋಗುವವರೆಗೂ ಹೇಳುತ್ತಲೇ ಇರಬೇಕು.

1641ರ ಅಕ್ಟೋಬರ್ ಕೊನೆಯಲ್ಲಿ ಐರ್ಲೆಂಡಿನ ಉತ್ತರದ ಅಲ್ಸ್ಟರ್ ಪ್ರಾಂತ್ಯದ ಕ್ಯಾಥೊಲಿಕರು ದಂಗೆಯೆದ್ದರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನಿಂದ ಬಂದು ಅಲ್ಲಿನ ನೆಲ ಹಿಡಿದಿದ್ದ ಪ್ರಾಟೆಸ್ಟೆಂಟರು ಮನೆ, ದನ, ಮೈಮೇಲಿನ ಬಟ್ಟೆಯನ್ನೂ ಕಳೆದುಕೊಂಡು ಡಬ್ಲಿನ್‌ಗೆ ಓಡಿಬಂದರು. ಡಿಸೆಂಬರ್‌ನಲ್ಲಿ ಹೆನ್ರಿ ಜೋನ್ಸ್ ಮುಂದಾಳತ್ವದಲ್ಲಿ ಎಂಟು ಪಾದ್ರಿಗಳ ಆಯೋಗ ನೇಮಕವಾಗಿ, ಇವರ ಹೇಳಿಕೆಗಳನ್ನು ಬರೆದುಕೊಳ್ಳತೊಡಗಿತು. ಅಂಥ ಸುಮಾರು 8,000 ಹೇಳಿಕೆಗಳು ಇಂದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿವೆ. 2010ರಿಂದ ಅಂತರ್ಜಾಲದಲ್ಲೂ ಸಿಗುತ್ತವೆ.

ಆಯೋಗಕ್ಕೆ ಮೊದಲು ವಹಿಸಿದ್ದು ಲೂಟಿ ಮತ್ತು ನಷ್ಟದ ವಿಚಾರಣೆಯನ್ನು; ಕೊಲೆಗಳ ವಿಷಯ ಸೇರಿದ್ದು ಮುಂದಿನ ಜನವರಿಯಲ್ಲಿ. ಹಾಗಾಗಿ ಹೇಳಿಕೆಗಳು ಸಾಮಾನ್ಯವಾಗಿ ಹಸು, ಧಾನ್ಯ, ಗೇಣಿ, ಬರಬೇಕಾದ ಸಾಲ, ಎಲ್ಲಕ್ಕೂ ಪೌಂಡ್ ಲೆಕ್ಕ ಎಂದು ಆರಂಭವಾಗುತ್ತವೆ. ದೋಚಿದವರ ಹೆಸರು ಬರುವುದು ಆಮೇಲೆ. ಅದಾದ ಮೇಲೆ, ಅವಸರದಲ್ಲಿ ಓದುವವರ ಕಣ್ಣಿಗೆ ಬೀಳದ ಒಂದು ಮಾತು ನುಸುಳುತ್ತದೆ: "ನಂಬಿಕಸ್ಥರಿಂದ ಕೇಳಿ ತಿಳಿದಂತೆ". ಅಲ್ಲಿ ನಿಲ್ಲಿ. ಅಲ್ಲಿಂದ ಮುಂದೆ ಆಣೆಯ ವ್ಯಾಪ್ತಿ ಬದಲಾಗುತ್ತದೆ. "ಅವರು ನನಗೆ ಹೀಗೆ ಹೇಳಿದರು" ಎಂದು ಪ್ರಮಾಣ ಮಾಡಿದವನು, ತನಗೆ ಯಾರೋ ಹೇಳಿದ್ದು ನಿಜ ಎಂದಷ್ಟೇ ಪ್ರಮಾಣ ಮಾಡಿದ್ದಾನೆ. ಹೇಳಿದ ಸಂಗತಿ ನಡೆಯಿತು ಎಂದು ಅವನು ಪ್ರಮಾಣ ಮಾಡಿಲ್ಲ. ಅದು ಸುಳ್ಳೆಂದು ಸಾಬೀತಾದರೂ ಅವನು ಸುಳ್ಳುಸಾಕ್ಷಿ ಆಗುವುದಿಲ್ಲ.

ಎಲಿಜಬೆತ್ ಪ್ರೈಸ್ ಎಂಬ, ಅಲ್ಸ್ಟರ್‌ನ ಆರ್ಮಾ ಸೀಮೆಯ ಹೆಣ್ಣುಮಗಳ ಹೇಳಿಕೆಯನ್ನೇ ನೋಡಿ. ದಂಗೆಕೋರರು ಆಕೆಯ ಐವರು ಮಕ್ಕಳನ್ನು ಉಳಿದವರ ಜೊತೆ ಸುರಕ್ಷಿತವಾಗಿ ಕಳುಹಿಸಿಕೊಡುತ್ತೇವೆಂದು ನಂಬಿಸಿ ಕರೆದೊಯ್ದರು. ಪೋರ್ಟಡೌನ್ ಸೇತುವೆಯ ಬಳಿ ಸುಮಾರು 115 ಜನರನ್ನು ಬ್ಯಾನ್ ನದಿಗೆ ತಳ್ಳಿ ಮುಳುಗಿಸಿದರು ಎನ್ನುತ್ತಾಳೆ. ಬಚ್ಚಿಟ್ಟ ಹಣ ತೋರಿಸೆಂದು ತನ್ನನ್ನು ಮೂರು ಬಾರಿ ನೇಣಿಗೆ ಎತ್ತಿ ಇಳಿಸಿದರು, ಅಂಗಾಲುಗಳನ್ನು ಬೆಂಕಿಯಲ್ಲಿ ಸುಟ್ಟರು ಎನ್ನುತ್ತಾಳೆ. ಆಮೇಲೊಂದು ಮುಸ್ಸಂಜೆ ಅದೇ ಸೇತುವೆಯ ಬಳಿ, ನಡುಮಟ್ಟದ ನೀರಿನಲ್ಲಿ ತಲೆಗೆದರಿ ಬತ್ತಲೆ ನಿಂತ ಹೆಣ್ಣಿನ ರೂಪವೊಂದು "ಸೇಡು, ಸೇಡು, ಸೇಡು" ಎಂದು ಕೂಗಿದ್ದನ್ನು ಕಂಡೆ ಎಂದೂ ಬರೆಸುತ್ತಾಳೆ.

ಅಂಗಾಲು ಸುಟ್ಟದ್ದು ಆಕೆಯ ಸ್ವಂತ ಮೈಮೇಲೆ ನಡೆದದ್ದು. ಮಕ್ಕಳನ್ನು ಕರೆದೊಯ್ದದ್ದು ಆಕೆ ಬಲ್ಲದ್ದು. ಮುಳುಗಿಸಿದಾಗ ಆಕೆ ಅಲ್ಲಿರಲಿಲ್ಲ, ಹಿಂದೆಯೇ ಉಳಿಸಿಕೊಂಡಿದ್ದರು. ಅದು ಬೇರೆಯವರಿಂದ ತಿಳಿದದ್ದು. ಹಾಗೆಂದು ಅದು ಕಟ್ಟುಕಥೆಯಲ್ಲ. ಪೋರ್ಟಡೌನ್‌ನಲ್ಲಿ ತನ್ನ ಗುಂಪಿನವರು ನೀರುಪಾಲಾದಾಗ ಹಣ ಕೊಟ್ಟು ಪಾರಾದ ವಿಲಿಯಂ ಕ್ಲಾರ್ಕ್ ಎಂಬಾತ 1642ರ ಜನವರಿಯಲ್ಲೇ ಸುಮಾರು ನೂರು ಜನರ ಲೆಕ್ಕ ಕೊಟ್ಟಿದ್ದಾನೆ. ದೆವ್ವದ ಮಾತು ಬಂತೆಂದು ಪ್ರೈಸಳ ಸುಟ್ಟ ಅಂಗಾಲನ್ನೂ ಅಲ್ಲಗಳೆಯುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಐದು ಮಕ್ಕಳನ್ನು ಕಳೆದುಕೊಂಡ ತಾಯಿ ಆ ನದಿಯ ದಡದಲ್ಲಿ ಏನು ಕಂಡಳೋ, ಅದನ್ನು ಅಳೆಯುವ ಕೋಲು ನನ್ನ ಬಳಿಯಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ರಾಬರ್ಟ್ ಮ್ಯಾಕ್ಸ್‌ವೆಲ್ ಎಂಬ ಪಾದ್ರಿಯ ಹೇಳಿಕೆ. ಓದುಬರಹ ಬಲ್ಲವನು, ಮುಂದೆ ಬಿಷಪ್ ಆದವನು. ಅವನ ಮಾತಿಗೆ ತೂಕವಿತ್ತು. ಅಲ್ಸ್ಟರ್‌ನಲ್ಲಿ 1,54,000 ಜನ ಇಲ್ಲವಾದರು ಎಂದು ಬರೆಸಿದ. ಅಷ್ಟು ವಲಸಿಗರು ಆ ಪ್ರಾಂತ್ಯದಲ್ಲಿ ಇರಲೇ ಇಲ್ಲ. ಆದರೆ ಸಂಖ್ಯೆ ತನ್ನದೆಂದು ಅವನು ಹೇಳಲೇ ಇಲ್ಲ, ದಂಗೆಕೋರರೇ ತನಗೆ ಹೇಳಿದರೆಂದ. ಆ ಒಂದು ಮಾತನ್ನು ಕೈಬಿಟ್ಟವರು ಸಂಖ್ಯೆಯನ್ನು ಮಾತ್ರ ತಲೆಮಾರುಗಳವರೆಗೆ ಹೊತ್ತು ತಿರುಗಿದರು. ಇಂದಿನ ಬಹುತೇಕ ಇತಿಹಾಸಕಾರರ ಅಂದಾಜಿನಲ್ಲಿ ನೇರ ಹಿಂಸೆಗೆ ಬಲಿಯಾದ ವಲಸಿಗರು ನಾಲ್ಕು ಸಾವಿರದ ಆಸುಪಾಸು. ಆ ಚಳಿಗಾಲದಲ್ಲಿ ಬಟ್ಟೆಯಿಲ್ಲದೆ, ಹಸಿವು ಕಾಯಿಲೆಗಳಿಂದ ಸತ್ತವರು ಅದಕ್ಕೂ ಹೆಚ್ಚು. ಇದೂ ಅಂದಾಜೇ, ಕೊನೆಯ ಮಾತೆಂದು ಹಿಡಿಯಬಾರದು.

ಅತಿ ಜಾಗ್ರತೆಯೂ ದಾರಿ ತಪ್ಪಿಸುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು, ಬಹಳ ಶ್ರದ್ಧೆಯ ಹುಡುಗಿ, ಹಸ್ತಪ್ರತಿಯಲ್ಲಿ ಗೀಟು ಹೊಡೆದ ಸಾಲುಗಳನ್ನೆಲ್ಲ ತನ್ನ ಟಿಪ್ಪಣಿಯಿಂದ ಹೊರಗಿಟ್ಟಿದ್ದಳು. ಆಯೋಗವೇ ಸುಳ್ಳೆಂದು ಹೊಡೆದುಹಾಕಿದ ಭಾಗ ಅದು ಎಂಬುದು ಅವಳ ತರ್ಕ. ಹದಿನೆಂಟನೆಯ ಶತಮಾನದ ಇತಿಹಾಸಕಾರರೂ ಹಾಗೆಯೇ ತಿಳಿದಿದ್ದರು. ಆದರೆ ಆಯೋಗದ ಗುಮಾಸ್ತ ಥಾಮಸ್ ವೇರಿಂಗ್ ಹೇಳಿಕೆಗಳನ್ನು ಸಂಕ್ಷೇಪಿಸಿ ನಕಲು ತೆಗೆಯುವಾಗ ಬೇಡದ ಭಾಗಕ್ಕೆ ಎಳೆದ ಗೀಟುಗಳೇ ಅವುಗಳಲ್ಲಿ ಬಹುಪಾಲು. ಹಸುಗಳ ಲೆಕ್ಕ ಹೋಗಿರುತ್ತದೆ, ಕೊಲೆಯ ವಿವರ ಉಳಿದಿರುತ್ತದೆ. ಅವಳು ಮುಖ ಸಪ್ಪಗೆ ಮಾಡಿಕೊಂಡು ಹೋದಳು. ಆಮೇಲೆ ಎಲ್ಲವನ್ನೂ ಮೊದಲಿನಿಂದ ಓದಿದಳು.

ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಮಾಡಿಕೊಂಡ ಮೇಲೆ, ಯಾರನ್ನು ಕೇಳಲೇ ಇಲ್ಲ ಎಂಬುದನ್ನೂ ನೋಡಬೇಕು. 1642ರ ಜನವರಿಯಲ್ಲಿ ಆ್ಯಂಟ್ರಿಮ್ ಸೀಮೆಯ ಐಲೆಂಡ್‌ಮಗೀ ಎಂಬಲ್ಲಿ ವಲಸಿಗರ ಕಡೆಯವರು ಕ್ಯಾಥೊಲಿಕ್ ಕುಟುಂಬಗಳನ್ನು ಕೊಂದರು. ಎಂಟು ಪಾದ್ರಿಗಳ ಆಯೋಗಕ್ಕೆ ಅದು ಸಂಬಂಧಪಟ್ಟ ವಿಷಯವೇ ಆಗಿರಲಿಲ್ಲ. ಆ ಸಾಕ್ಷ್ಯ ಹಾಳೆಗೆ ಇಳಿದದ್ದು 1653ರಲ್ಲಿ, ಇಂಗ್ಲೆಂಡಿನ ಆಳ್ವಿಕೆ ಹಿಡಿದ ಕ್ರಾಮ್‌ವೆಲ್ ಕಾಲದ ಅಧಿಕಾರಿಗಳು ವಿಚಾರಣೆ ನಡೆಸಿದಾಗ. ಹನ್ನೊಂದು ವರ್ಷ ತಡವಾದ ಆ ಮಾತುಗಳನ್ನೂ ಇದೇ ರೀತಿ ಸಾಲುಸಾಲಾಗಿ ಬಿಡಿಸಿ ಓದಬೇಕು.