ಆ ಚೂಪು ಅಕ್ಷರ ನಾಜಿಗಳದ್ದಲ್ಲ, ಇನ್ನೊಮ್ಮೆ ಹೇಳುತ್ತೇನೆ

ಪ್ರಶ್ನೆ: ಮಗ ತೋಳಿನ ಮೇಲೆ ಚೂಪುಚೂಪಾದ ಹಳೆಯ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಹಚ್ಚೆ ಹಾಕಿಸಿಕೊಂಡಿದ್ದಾನೆ. ಅದು ನಾಜಿ ಲಿಪಿ ಎಂದು ನೆಂಟರೊಬ್ಬರು ಹೇಳಿದರು. ನಿಜವೇ?

ಅಲ್ಲ. ಇದನ್ನು ನನಗೆ ಹಿಂದೆಯೂ ಕೇಳಿದ್ದಾರೆ: ಹಚ್ಚೆಯ ಬದಲು ಒಮ್ಮೆ ಟೀ ಶರ್ಟು, ಒಮ್ಮೆ ಬಿಯರ್ ಬಾಟಲಿ. ಪ್ರಶ್ನೆ ಮಾತ್ರ ಅದೇ. ಡಿಟಿಪಿ ಅಂಗಡಿಯಲ್ಲಿ ಸರ್ಟಿಫಿಕೇಟಿನ ತಲೆಬರಹಕ್ಕೆ ‘ಓಲ್ಡ್ ಇಂಗ್ಲಿಷ್ ಹಾಕಿ’ ಎನ್ನುತ್ತೇವಲ್ಲ, ಅದೂ ಇದೇ ಕುಲದ್ದು. ಕುಲದ ಹೆಸರು ಬ್ಲ್ಯಾಕ್‌ಲೆಟರ್. ಹುಟ್ಟಿದ್ದು 12ನೇ ಶತಮಾನದ ಪಶ್ಚಿಮ ಯುರೋಪಿನಲ್ಲಿ, ಅಗಲ ಮೊನೆಯ ಲೇಖನಿಯಿಂದ. 1455ರ ಸುಮಾರಿಗೆ ಗುಟೆನ್‌ಬರ್ಗ್ ಬೈಬಲ್ ಅಚ್ಚು ಹಾಕಿದ್ದೂ ಇದರಲ್ಲೇ. ಇದೇ ಕುಲದ ಜರ್ಮನ್ ಶೈಲಿಯಾದ ಫ್ರಾಕ್ಟೂರ್ ಬಂದದ್ದು 16ನೇ ಶತಮಾನದ ಆರಂಭದಲ್ಲಿ, ಚಕ್ರವರ್ತಿ ಮ್ಯಾಕ್ಸಿಮಿಲಿಯನ್‌ನ ಪುಸ್ತಕಗಳಿಗಾಗಿ. ಹಿಟ್ಲರ್ ಹುಟ್ಟಲು ಇನ್ನೂ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳಿದ್ದವು.

ನೆಂಟರಿಗೆ ಈ ಭ್ರಮೆ ಹಿಡಿಸಿದ್ದು ಬಹುಶಃ ಸಿನಿಮಾ. 1933ರ ನಂತರ ನಾಜಿಗಳು ಈ ಅಕ್ಷರಗಳನ್ನು ‘ಅಪ್ಪಟ ಜರ್ಮನ್’ ಎಂದು ಮೆರೆಸಿದ್ದು ನಿಜ. ಪೋಸ್ಟರುಗಳಲ್ಲಿ ಕಾಣುವುದು ಆ ಕಾಲದ ಸರಕು. ಆದರೆ ಅದನ್ನು ನಿಷೇಧಿಸಿದವರೂ ಅವರೇ! 1941ರ ಜನವರಿ 3ರಂದು ನಾಜಿ ಪಕ್ಷದ ಹಿರಿಯ ಅಧಿಕಾರಿ ಮಾರ್ಟಿನ್ ಬೋರ್ಮನ್ ಹಿಟ್ಲರನ ಪರವಾಗಿ ಸುತ್ತೋಲೆ ಹೊರಡಿಸಿದ: ಗೋಥಿಕ್ ಎನ್ನಿಸಿಕೊಳ್ಳುವ ಈ ಲಿಪಿ ಜರ್ಮನರದ್ದಲ್ಲ, ‘ಯಹೂದಿ ಅಕ್ಷರ’, ಇನ್ನು ಮುಂದೆ ಎಲ್ಲವೂ ರೋಮನ್ ಅಚ್ಚಿನಲ್ಲೇ (ಇಂದಿನ ಪುಸ್ತಕಗಳ ಸಾದಾ ಅಕ್ಷರದಲ್ಲೇ) ಬರಬೇಕು. ಯಹೂದಿಗಳ ಕಥೆ ಶುದ್ಧ ಸುಳ್ಳು. ಯುರೋಪಿನ ಹಲವು ದೇಶಗಳನ್ನು ಆಕ್ರಮಿಸಿದ ಮೇಲೆ, ಆಳಿಸಿಕೊಳ್ಳುವವರಿಗೆ ಓದಲು ಬರುವ ಅಕ್ಷರ ಬೇಕಿತ್ತು ಎಂಬುದೇ ಹೆಚ್ಚು ನಂಬುವಂಥ ಕಾರಣ. ತಮಾಷೆಯೆಂದರೆ, ಆ ಸುತ್ತೋಲೆಯ ಲೆಟರ್‌ಹೆಡ್‌ನಲ್ಲಿ ಪಕ್ಷದ ಹೆಸರು ಅಚ್ಚಾಗಿದ್ದದ್ದು ಅದೇ ಅಕ್ಷರದಲ್ಲಿ. ಹಳೆಯ ಕಾಗದ ಮುಗಿದಿರಲಿಲ್ಲವೇನೋ.

ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಸರು ಇಂದಿಗೂ ಬ್ಲ್ಯಾಕ್‌ಲೆಟರ್‌ನಲ್ಲೇ ಇದೆ. ಅದನ್ನು ಯಾರೂ ನಾಜಿ ಪತ್ರಿಕೆ ಎನ್ನುವುದಿಲ್ಲ. ಹೆವಿ ಮೆಟಲ್ ತಂಡಗಳಿಗೂ ಹಚ್ಚೆಯವರಿಗೂ ಬೇಕಾದದ್ದು ಇದರ ಗತ್ತು, ಅಷ್ಟೇ. ಮಗನನ್ನು ಬೈಯಲೇಬೇಕೆಂದಿದ್ದರೆ ಬೇರೆ ಕಾರಣವಿದೆ: ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆಸಿದ್ದಾನೆಯೇ ನೋಡಿ. ಈ ಶೈಲಿಯ ದೊಡ್ಡಕ್ಷರಗಳು ಪದದ ಮೊದಲಿಗೆ ಒಂದು ಕೂರಲೆಂದು ಆದವು. ಸಾಲಾಗಿ ನಿಲ್ಲಿಸಿದರೆ ಮುಳ್ಳುಬೇಲಿ.

‘ಇದನ್ನು ಜನ ಹೇಗೆ ಓದುತ್ತಿದ್ದರು?’ ಎಂದು ಕೇಳುವವರು ನಮ್ಮ ಪ, ವ, ಷಗಳನ್ನು ಹೊಸಬರ ಮುಂದಿಟ್ಟು ನೋಡಲಿ. ಎಲ್ಲ ರೂಢಿಯ ಮಾತು. ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಸೇರಿದಂತೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳ ಕಾಲದಲ್ಲಿ, ಅಚ್ಚಿಗೆ ಫ್ರಾಕ್ಟೂರ್ ಇದ್ದಂತೆ ಕೈಬರಹಕ್ಕೆ ಕುರೆಂಟ್ ಎಂಬ ಲಿಪಿಯಿತ್ತು. ಮಂಗಳೂರಿನಿಂದ ಬಾಸೆಲ್‌ಗೆ ಹೋದ ಜರ್ಮನ್ ಪತ್ರಗಳನ್ನು ಇಂದು ಓದಹೊರಟವರು, ಜರ್ಮನ್ ಬಲ್ಲವರಾದರೂ, ಮೊದಲ ಸಾಲಿನಲ್ಲೇ ಎಡವುತ್ತಾರೆ. ಕುರೆಂಟ್ ಲಿಪಿಯಲ್ಲಿ ‘ಇ’ (e) ಅಕ್ಷರ ನೋಡಲು ‘ಎನ್’ (n) ಅಕ್ಷರದಂತೆಯೇ ಇದೆ. ‘ಯು’ (u) ಕೂಡ ಹಾಗೆಯೇ ಕಾಣುತ್ತದೆಂದು ಅದರ ತಲೆಯ ಮೇಲೊಂದು ಪುಟ್ಟ ಕೊಕ್ಕೆ ಹಾಕುತ್ತಿದ್ದರು. ಮೊದಲು ಆ ಕೊಕ್ಕೆಗಳನ್ನು ಹುಡುಕಿಕೊಳ್ಳಬೇಕು, ಉಳಿದ ಅಕ್ಷರಗಳು ಆಮೇಲೆ.