ಅಪಧಮನಿ ಕಾಠಿನ್ಯ: ಯಾವ ನಾಳ, ಎಂಥ ಕಾಠಿನ್ಯ?

ಪಾರ್ಶ್ವವಾಯುವಿನ ಕುರಿತ ಲೇಖನಗಳಲ್ಲಿ ‘ಅಪಧಮನಿ ಕಾಠಿನ್ಯ’ ಎಂಬ ಪದವನ್ನು ರಕ್ತನಾಳದ ಯಾವ ತೊಂದರೆಗಾದರೂ ಬಳಸುವುದು ರೂಢಿಯಾಗಿಬಿಟ್ಟಿದೆ. ‘ಏಷ್ಯಾದವರಿಗೆ ಅಪಧಮನಿ ಕಾಠಿನ್ಯ ಹೆಚ್ಚು’ ಎಂದು ಒಬ್ಬರು, ‘ಕಡಿಮೆ’ ಎಂದು ಇನ್ನೊಬ್ಬರು ಬರೆಯುತ್ತಾರೆ. ಯಾವ ಅಪಧಮನಿ, ಎಂಥ ಕಾಠಿನ್ಯ ಎಂದು ಹೇಳದ ಹೊರತು ಈ ಎರಡು ಮಾತಿಗೂ ಅರ್ಥವಿಲ್ಲ.

ಇಲ್ಲಿ ಎರಡು ಪದಗಳು ಒಂದರಲ್ಲೊಂದು ಬೆರೆತುಹೋಗಿವೆ. ‘ಆರ್ಟೀರಿಯೊಸ್ಕ್ಲೆರೋಸಿಸ್’ ಎಂಬುದು ಅಪಧಮನಿಯ ಗೋಡೆ ದಪ್ಪಗಾಗಿ ಬಿಗಿಯುವ ಎಲ್ಲ ಸ್ಥಿತಿಗಳಿಗೂ ಸಲ್ಲುವ ಒಟ್ಟು ಹೆಸರು. ‘ಅಥೆರೊಸ್ಕ್ಲೆರೋಸಿಸ್’ ಅದರೊಳಗಿನ ಒಂದು ಬಗೆ. ಈ ಪದವನ್ನು 1904ರಲ್ಲಿ ರೂಪಿಸಿದವರು ಜರ್ಮನಿಯ ರೋಗವಿಜ್ಞಾನಿ ಫೆಲಿಕ್ಸ್ ಮಾರ್ಷಾಂಡ್. ಗ್ರೀಕ್ ಭಾಷೆಯಲ್ಲಿ ‘ಅಥೇರೆ’ ಎಂದರೆ ಗಂಜಿ, ‘ಸ್ಕ್ಲೆರೋಸಿಸ್’ ಎಂದರೆ ಗಟ್ಟಿಯಾಗುವಿಕೆ. ಕಾಯಿಲೆಗೊಳಗಾದ ನಾಳವನ್ನು ಸೀಳಿ ನೋಡಿದರೆ ಹೆಸರಿನ ಔಚಿತ್ಯ ತಿಳಿಯುತ್ತದೆ: ಒಳಪದರದಲ್ಲಿ ಕೊಬ್ಬು ಮತ್ತು ಸತ್ತ ಜೀವಕೋಶಗಳು ಕಲೆತ ಹಳದಿ ಮುದ್ದೆಯಿರುತ್ತದೆ, ಅದರ ಮೇಲೆ ನಾರಿನ ಗಟ್ಟಿ ಹೊದಿಕೆಯಿರುತ್ತದೆ. ಹೆಚ್ಚಾಗಿ ಆ ಹೊದಿಕೆ ಹರಿದು ಒಳಗಿನ ಮುದ್ದೆಗೆ ರಕ್ತ ತಾಗಿದಾಗ ಹೆಪ್ಪುಗಟ್ಟಿ ಅನಾಹುತವಾಗುತ್ತದೆ. ಕನ್ನಡದ ‘ಕಾಠಿನ್ಯ’ ಗಟ್ಟಿತನವನ್ನಷ್ಟೇ ಉಳಿಸಿಕೊಂಡು, ಹೆಚ್ಚು ಅಪಾಯಕಾರಿಯಾದ ಗಂಜಿಯನ್ನೇ ಕೈಬಿಟ್ಟಿದೆ.

ಮಿದುಳಿನ ಆಳದ ಸಣ್ಣ ನಾಳಗಳ ಕಾಯಿಲೆ ಬೇರೆಯೇ ತರಹದ್ದು. ಅಲ್ಲಿ ಈ ಮುದ್ದೆ ಮುಖ್ಯವಲ್ಲ. ವರ್ಷಗಟ್ಟಲೆ ಹತೋಟಿಯಿಲ್ಲದ ರಕ್ತದೊತ್ತಡ ನಾಳದ ಗೋಡೆಯನ್ನೇ ಕೆಡಿಸುತ್ತದೆ. ಅಂಥ ನಾಳ ಮುಚ್ಚಿಕೊಳ್ಳಲೂಬಹುದು, ಒಡೆದು ರಕ್ತಸ್ರಾವವಾಗಲೂಬಹುದು.

ಜನಸಮುದಾಯಗಳ ನಡುವಿನ ವ್ಯತ್ಯಾಸ ಅರ್ಥವಾಗಬೇಕಾದರೆ ಈ ವಿಂಗಡಣೆ ಬೇಕೇ ಬೇಕು. ಯುರೋಪ್ ಮೂಲದವರಲ್ಲಿ ಅಥೆರೊಸ್ಕ್ಲೆರೋಸಿಸ್ ಹೆಚ್ಚಾಗಿ ಕಾಣುವುದು ಕುತ್ತಿಗೆಯಲ್ಲಿ, ತಲೆಗೆ ರಕ್ತ ಒಯ್ಯುವ ಕ್ಯಾರೋಟಿಡ್ ಅಪಧಮನಿ ಕವಲೊಡೆಯುವ ಜಾಗದಲ್ಲಿ. ಚೀನಾ, ಜಪಾನ್, ಕೊರಿಯಾಗಳ ಜನರಲ್ಲಿ ತಲೆಬುರುಡೆಯೊಳಗಿನ ದೊಡ್ಡ ಅಪಧಮನಿಗಳು ಕಿರಿದಾಗುವುದು ಹೆಚ್ಚು. ಅಲ್ಲಿನ ಪಾರ್ಶ್ವವಾಯು ಪ್ರಕರಣಗಳಲ್ಲಿ ಮಿದುಳಿನ ರಕ್ತಸ್ರಾವದ ಪಾಲೂ ದೊಡ್ಡದು. ಅಮೆರಿಕದ ಕಪ್ಪುಜನರಲ್ಲೂ ಬುರುಡೆಯೊಳಗಿನ ಕಿರಿದಾಗುವಿಕೆ ಬಿಳಿಯರಿಗಿಂತ ಹೆಚ್ಚು. ಆದುದರಿಂದ ಕುತ್ತಿಗೆಯ ಸ್ಕ್ಯಾನ್ ಒಂದನ್ನೇ ನೋಡಿ ‘ನಾಳಗಳೆಲ್ಲ ಚೆನ್ನಾಗಿವೆ’ ಎನ್ನುವಂತಿಲ್ಲ.

ಇಷ್ಟು ಹೇಳಿದ ಕೂಡಲೇ ‘ಅದು ಅವರ ರಕ್ತದಲ್ಲೇ ಇದೆ’ ಎನ್ನುವವರಿದ್ದಾರೆ. ಜಪಾನಿನಲ್ಲೇ ಉಳಿದ ಗಂಡಸರನ್ನು ಹವಾಯಿ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ನೆಲೆಸಿದ ಜಪಾನಿ ಮೂಲದ ಗಂಡಸರೊಡನೆ ಹೋಲಿಸಿದ ‘ನಿ-ಹಾನ್-ಸಾನ್’ ಅಧ್ಯಯನವನ್ನು ಅವರು ಗಮನಿಸಬೇಕು. ಹೃದಯದ ಅಪಧಮನಿಗಳ ಕಾಯಿಲೆ ಜಪಾನಿನಲ್ಲಿ ಅತಿ ಕಡಿಮೆ, ಹವಾಯಿಯಲ್ಲಿ ಅದಕ್ಕಿಂತ ಹೆಚ್ಚು, ಕ್ಯಾಲಿಫೋರ್ನಿಯಾದಲ್ಲಿ ಎಲ್ಲಕ್ಕಿಂತ ಹೆಚ್ಚು. ಪಾರ್ಶ್ವವಾಯುವಾದರೋ ಹವಾಯಿಗಿಂತ ಜಪಾನಿನಲ್ಲೇ ಹೆಚ್ಚು. ವಂಶ ಒಂದೇ ಆಗಿದ್ದರೂ ನೆಲ, ಆಹಾರ, ಜೀವನಕ್ರಮ ಬದಲಾದಂತೆ ಕಾಯಿಲೆಯ ಸ್ವರೂಪವೂ ಬದಲಾಗಿತ್ತು. ವಂಶವಾಹಿಯ ಪಾತ್ರವೇ ಇಲ್ಲವೆಂದಲ್ಲ: ಆರ್‌ಎನ್‌ಎಫ್213 ಎಂಬ ವಂಶವಾಹಿಯ ಒಂದು ರೂಪಾಂತರ ಪೂರ್ವ ಏಷ್ಯಾದವರಲ್ಲಿ ಬುರುಡೆಯೊಳಗಿನ ನಾಳಗಳು ಕಿರಿದಾಗುವುದರೊಂದಿಗೆ ನಂಟು ಹೊಂದಿದೆ, ಆದರೆ ಅದನ್ನು ಹೊತ್ತವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ.