ಸ್ಕ್ಯಾನ್ ನೋಡದ ತಂಡವೇ ಮುಂದಾದಾಗ

2011ರಲ್ಲಿ ಎಡಿಎಚ್‌ಡಿ-200 ಎಂಬ ಸ್ಪರ್ಧೆ ನಡೆಯಿತು. ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ (ಇದೇ ಎಡಿಎಚ್‌ಡಿ) ಇರುವವರು, ಇಲ್ಲದವರು ಸೇರಿ 776 ಮಕ್ಕಳು ಮತ್ತು ಯುವಜನರ ಮಿದುಳಿನ ಎಂಆರ್‌ಐ ಚಿತ್ರಗಳನ್ನು ಸಂಶೋಧಕರ ಮುಂದಿಟ್ಟರು. ಅವುಗಳಿಂದ ಕಲಿತ ಕಂಪ್ಯೂಟರ್, ಬೇರೆ 197 ಮಂದಿಯಲ್ಲಿ ಯಾರಿಗೆ ತೊಂದರೆ ಇದೆ, ಯಾವ ಬಗೆಯದು ಎಂದು ಹೇಳಬೇಕಿತ್ತು.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ ಚಿತ್ರಗಳನ್ನು ಪಕ್ಕಕ್ಕಿಟ್ಟು ವಯಸ್ಸು, ಲಿಂಗ, ಎಡಗೈಯೋ ಬಲಗೈಯೋ, ಐಕ್ಯೂ ಇಂಥ ವಿವರಗಳನ್ನಷ್ಟೇ ಕೊಟ್ಟು ನೋಡಿತು. ಶೇ 62.5ರಷ್ಟು ಉತ್ತರ ಸರಿಯಾಯಿತು. ಚಿತ್ರ ಬಳಸಿದ ಯಾವ ತಂಡವೂ ಅಷ್ಟು ದೂರ ಬರಲಿಲ್ಲ. ಚಿತ್ರ ಬಳಸಿಲ್ಲವೆಂದು ಬಹುಮಾನ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡಕ್ಕೆ ಹೋಯಿತು. ಮಿದುಳಿನ ಚಿತ್ರ ನೋಡಿ ಮಾನಸಿಕ ಕಾಯಿಲೆ ಗುರುತಿಸಲು ಹೊರಟ ಈ ಕ್ಷೇತ್ರಕ್ಕೆ ಇದಕ್ಕಿಂತ ದೊಡ್ಡ ಪಾಠ ಸಿಕ್ಕಿಲ್ಲವೆಂದೇ ನನ್ನ ಭಾವನೆ.

ಅಲ್ಲಿಯವರೆಗೆ ಇದ್ದ ಭರವಸೆಗೂ ಕಾರಣವಿತ್ತು. ರಕ್ತದ ಆಮ್ಲಜನಕದಲ್ಲಾಗುವ ಏರುಪೇರಿನಿಂದ ಮಿದುಳಿನ ಚಟುವಟಿಕೆಯನ್ನು ಗುರುತಿಸಬಹುದೆಂದು ಜಪಾನಿನ ವಿಜ್ಞಾನಿ ಸೀಜಿ ಒಗಾವಾ 1990ರಲ್ಲಿ ತೋರಿಸಿದ್ದರು. ಒಂದೇ ಗುಂಪಿನ ಮಕ್ಕಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡಿದ ಅಮೆರಿಕದ ಮನೋವೈದ್ಯ ಜೇ ಗೀಡ್ ಅವರ ತಂಡ, ಮಿದುಳಿನ ಮುಂಭಾಗದ ಬೂದುದ್ರವ್ಯ (ನರಕೋಶಗಳು ದಟ್ಟವಾಗಿರುವ ಅಂಶ) ಹದಿಹರೆಯದ ಹೊಸ್ತಿಲವರೆಗೂ ಹೆಚ್ಚಿ ಆಮೇಲೆ ಇಳಿಯುತ್ತದೆಂದು 1999ರಲ್ಲಿ ವರದಿ ಮಾಡಿತು. ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು 18ರ ಒಳಗೇ ಶುರುವಾಗುತ್ತವೆ. ಹಾಗಿದ್ದರೆ ಅವುಗಳ ಸುಳಿವು ಚಿತ್ರದಲ್ಲೇ ಇರಬೇಕಲ್ಲವೇ?

ತೊಡಕು ಚಿತ್ರ ತೆಗೆಯುವಲ್ಲೇ ಇತ್ತು. ಚಿಕ್ಕವರು ಯಂತ್ರದೊಳಗೆ ಅಲುಗಾಡದೆ ಮಲಗುವುದು ಕಷ್ಟ, ಚಂಚಲತೆ ಇರುವ ಮಗುವಿಗಂತೂ ಇನ್ನೂ ಕಷ್ಟ. ತಲೆ ಕೂದಲೆಳೆಯಷ್ಟು ಸರಿದರೂ ಮಿದುಳಿನ ಭಾಗಗಳ ನಡುವಿನ ಸಂಪರ್ಕವೇ ಬೇರೆಯಾಗಿ ಕಾಣಬಹುದೆಂದು 2012ರ ಅಧ್ಯಯನಗಳು ತೋರಿಸಿದವು. ಹಾಗಾಗಿ ಕಾಯಿಲೆಯನ್ನು ಪತ್ತೆ ಹಚ್ಚಿದೆ ಎಂದುಕೊಂಡ ಕಂಪ್ಯೂಟರ್ ನಿಜಕ್ಕೂ ಹಿಡಿದಿದ್ದು ಅಲುಗಾಟವನ್ನೇ ಆಗಿರಬಹುದು.

ಇನ್ನೊಂದು ಕೊರತೆ ಸಂಖ್ಯೆಯದು. ಇಪ್ಪತ್ತು ಮೂವತ್ತು ಜನರ ಸ್ಕ್ಯಾನ್‌ನಲ್ಲಿ ಮಿದುಳಿಗೂ ನಡವಳಿಕೆಗೂ ನಡುವೆ ಕಂಡ ನಂಟು ಮುಂದಿನ ಗುಂಪಿನಲ್ಲಿ ಮಾಯವಾಗುತ್ತಿತ್ತು. ಮಕ್ಕಳ ಮಿದುಳಿನ ಬೆಳವಣಿಗೆಯನ್ನು ನೋಡುವ ಅಮೆರಿಕದ ಎಬಿಸಿಡಿ ಅಧ್ಯಯನ 9–10 ವಯಸ್ಸಿನ 11,800ಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸಲು ಹೊರಟಿದ್ದರಿಂದ ದೊಡ್ಡ ಗುಂಪು ಸಿಕ್ಕಿತು. ಆ ದತ್ತಾಂಶವನ್ನೂ ಬಳಸಿ 2022ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬಂದ ಪ್ರಬಂಧ, ಇಂಥ ನಂಟುಗಳು ತೀರಾ ಕ್ಷೀಣ, ನಂಬಬೇಕಾದರೆ ಸಾವಿರಾರು ಜನ ಬೇಕು ಎಂದಿತು.

ಅದೇ ವರ್ಷ 1 ಲಕ್ಷಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳಿಂದ, ಮಗುವಿನ ಎತ್ತರ-ತೂಕದ ಪಟ್ಟಿಯಂತೆಯೇ ಮಿದುಳಿನ ಬೆಳವಣಿಗೆಯ ಪಟ್ಟಿ ಸಿದ್ಧವಾಯಿತು. ‘ಕಾಯಿಲೆ ಇದೆಯೋ ಇಲ್ಲವೋ’ ಎನ್ನುವುದಕ್ಕಿಂತ, ಒಬ್ಬ ಹುಡುಗಿಯ ಮಿದುಳಿನ ಬೆಳವಣಿಗೆ ಅವಳ ವಯಸ್ಸಿನವರಿಗಿಂತ ಎಲ್ಲಿ, ಎಷ್ಟು ಭಿನ್ನ ಎಂದು ಕೇಳಲು ಈಗ ಸಾಧ್ಯ. ಅವಳಿಗೆ ಖಿನ್ನತೆ ಇದೆಯೇ ಎಂದು ತಿಳಿಯಲು ಮಾತ್ರ ವೈದ್ಯರು ಇಂದಿಗೂ ಅವಳ ಎದುರು ಕೂತು, ನಿದ್ದೆ ಹೇಗಿದೆ, ಊಟ ಸೇರುತ್ತಿದೆಯೇ, ಮನಸ್ಸಿನಲ್ಲೇನಿದೆ ಎಂದು ಕೇಳುತ್ತಾರೆ.